ರಾತ್ರಿ ಗಾಡಿ ಎಲ್ಲಿ ನಿಲ್ಲುತ್ತದೆ?

2005ರ ಬೇಸಿಗೆ. ನಾನು ಆಗ ಸಿಯಾಟಲ್‌ನಲ್ಲಿ ಕೆಲಸ ಮಾಡುತ್ತಿದ್ದೆ. ಅಪ್ಪ, ಅಮ್ಮ ಬಂದಿದ್ದರು. ಒಂದು ಭಾನುವಾರ ಇಬ್ಬರನ್ನೂ ಕಡಲ ದಡಕ್ಕೆ ಕರೆದುಕೊಂಡು ಹೋಗಿ ಟ್ರಾಲಿ ಹತ್ತಿಸಿದೆ. ಹಸಿರು, ಕೆನೆ ಬಣ್ಣದ ಹಳೆಯ ಟ್ರಾಮ್ ಗಾಡಿ. ಅಮ್ಮ ಕಿಟಕಿ ಪಕ್ಕ ಕೂತು ನೀರು ನೋಡುತ್ತಿದ್ದರು. ಅಪ್ಪ ನೀರಿನ ಕಡೆ ತಿರುಗಲೇ ಇಲ್ಲ. ಅವರು ಮೂವತ್ತು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ತಲೆ ಬಗ್ಗಿಸಿಕೊಂಡು, ಕಾಲ ಕೆಳಗಿನಿಂದ ಬರುವ ಸದ್ದು ಕೇಳುತ್ತಾ ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ನನ್ನನ್ನು ತಟ್ಟಿ, "ರಾತ್ರಿ ಈ ಗಾಡಿ ಎಲ್ಲಿ ನಿಲ್ಲುತ್ತೆ, ಕೇಳು" ಅಂದರು.

ನಾನು ಕಂಡಕ್ಟರನ್ನು ಕೇಳಿದೆ. ಆಕೆ ಉತ್ತರದ ಕಡೆ ಕೈ ತೋರಿಸಿದರು. ಅಲ್ಲಿ ಕೊನೆಯ ಸ್ಟಾಪಿನ ಹತ್ತಿರ ಶೆಡ್ ಇದೆ, ರಿಪೇರಿ ಎಲ್ಲಾ ಅಲ್ಲೇ, ಆದರೆ ಅದನ್ನು ಕೆಡವುತ್ತಾರೆ, ಆ ಜಾಗಕ್ಕೆ ಪಾರ್ಕ್ ಬರುತ್ತದೆ ಎಂದರು. ನಾನು ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಅಪ್ಪ ಸ್ವಲ್ಪ ಸುಮ್ಮನಿದ್ದು, "ಹಾಗಾದ್ರೆ ಲೈನೂ ಹೋಯ್ತು ಕಣೋ" ಅಂದರು.

ನಾನು ಒಪ್ಪಲಿಲ್ಲ. ಹಳಿ ಇದೆ. ತಂತಿ ಇದೆ. ಐದು ಗಾಡಿ ಇವೆ. ಜನ ಬರುತ್ತಿದ್ದಾರೆ. ಒಂದು ಶೆಡ್ ಹೋದರೆ ಇನ್ನೊಂದು ಕಟ್ಟುತ್ತಾರೆ, ಈ ದೇಶಕ್ಕೆ ಅದೇನು ದೊಡ್ಡ ಮಾತು ಎಂದೆ. ಅಪ್ಪ ವಾದಕ್ಕೆ ಬರಲಿಲ್ಲ. ಅದೇ ವರ್ಷ ನವೆಂಬರ್ 18ರಂದು ಆ ಟ್ರಾಲಿ ಕೊನೆಯ ಸಲ ಓಡಿತು. ಆಮೇಲೆ ಆ ದಡದಲ್ಲಿ ಅದು ಮತ್ತೆ ಓಡಲಿಲ್ಲ.

ಇಷ್ಟೇ ವಿಷಯ. ಇವತ್ತು ನಾನು ಹೇಳುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇರುತ್ತದೆ. ಆ ಲೈನನ್ನು ಮುಚ್ಚಬೇಕು ಎಂದು ಯಾರೂ ಹೇಳಿರಲಿಲ್ಲ. ಊರಿಗೆ ಊರೇ ಅದನ್ನು ಇಷ್ಟಪಡುತ್ತಿತ್ತು. ಆದರೂ ಅದು ನಿಂತುಹೋಯಿತು. ಹೇಗೆ?

ಮೊದಲು ಒಂದು ಪದ ಬಿಡಿಸಿಬಿಡೋಣ. ಟ್ರಾಲಿ ಅಂದರೆ ನಮ್ಮಲ್ಲಿ ಟ್ರ್ಯಾಕ್ಟರ್ ಹಿಂದೆ ಕಟ್ಟುವ ಗಾಡಿ. ಇಲ್ಲವೇ ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸ್ ತಳ್ಳುವ ಗಾಡಿ. ಅಮೆರಿಕದಲ್ಲಿ ಬೀದಿ ಟ್ರಾಮಿಗೇ ಟ್ರಾಲಿ ಅನ್ನುತ್ತಾರೆ. ಗಾಡಿಯ ಚಾವಣಿ ಮೇಲೆ ಒಂದು ಉದ್ದನೆಯ ಕೋಲು ಇರುತ್ತದೆ. ಅದರ ತುದಿ ಮೇಲಿನ ಕರೆಂಟ್ ತಂತಿಗೆ ಒತ್ತಿಕೊಂಡು ಸಾಗುತ್ತದೆ. ಹಿಂದೆ ಆ ತುದಿಯಲ್ಲಿ ಒಂದು ಪುಟ್ಟ ಚಕ್ರ ಇರುತ್ತಿತ್ತು. ಟ್ರಾಲಿ ಎಂಬ ಹೆಸರು ಬಂದದ್ದು ಅಲ್ಲಿಂದ. ಮುಂಬೈ, ಮದ್ರಾಸ್ ನೋಡಿದ ಹಿರಿಯರು ಇಲ್ಲಿದ್ದರೆ ಅವರಿಗೆ ಟ್ರಾಮ್ ನೆನಪಿರುತ್ತದೆ. ಮದ್ರಾಸಿನಲ್ಲಿ 1953ರಲ್ಲಿ ನಿಂತಿತು, ಮುಂಬೈಯಲ್ಲಿ 1964ರಲ್ಲಿ.

ಈಗ ಜಾಗ. ಸಿಯಾಟಲ್ ಇರುವುದು ಎಲಿಯಟ್ ಕೊಲ್ಲಿಯ ದಡದಲ್ಲಿ, ಗುಡ್ಡದ ಮೇಲೆ. ಪೇಟೆಯಿಂದ ನೀರಿನ ಕಡೆ ಇಳಿದರೆ ಸಿಗುವ ರಸ್ತೆ ಅಲಾಸ್ಕನ್ ವೇ. ಅದರ ಹಳೆಯ ಹೆಸರು ರೈಲ್‌ರೋಡ್ ಅವೆನ್ಯೂ. ಆಗ ಅದು ರಸ್ತೆ ಅನ್ನುವ ಹಾಗೂ ಇರಲಿಲ್ಲ. ನೀರಿನಲ್ಲಿ ಮರದ ಕಂಬ ನೆಟ್ಟು, ಹಲಗೆ ಹಾಸಿ, ಮೇಲೆ ಸಾಲುಸಾಲಾಗಿ ರೈಲು ಹಳಿ ಹಾಕಿದ್ದರು. 1897ರ ಜುಲೈನಲ್ಲಿ ಕೆನಡಾದ ಕ್ಲೋಂಡೈಕ್‌ನ ಚಿನ್ನ ಹೊತ್ತ ಹಡಗು ಬಂದು ನಿಂತದ್ದು ಇದೇ ದಡಕ್ಕೆ. ಅಲ್ಲಿಂದ ಆ ಊರು ಬೆಳೆದ ಪರಿಯೇ ಬೇರೆ. ಹಡಗು, ರೈಲು, ಗೋದಾಮು, ಮೀನು, ಮರ, ಎಲ್ಲಾ ಅಲ್ಲೇ.

ನಂತರ ಹಡಗಿನ ಸರಕು ಸಾಗಾಟ ಬದಲಾಯಿತು. ದೊಡ್ಡ ಕಂಟೇನರ್‌ಗಳು ಬಂದವು. ಈ ಹಳೆಯ ಮರದ ಕಟ್ಟೆಗಳು ಅದಕ್ಕೆ ಸಾಲದಾದವು. ಅದಕ್ಕೂ ಮೊದಲೇ, 1953ರಲ್ಲಿ, ಅಲ್ಲೇ ಎರಡು ಅಂತಸ್ತಿನ ಒಂದು ಮೇಲುರಸ್ತೆ ಕಟ್ಟಿದ್ದರು. ಊರಿಗೂ ಕಡಲಿಗೂ ನಡುವೆ ಕಾಂಕ್ರೀಟಿನ ಗೋಡೆ ಎದ್ದ ಹಾಗಾಯಿತು. ಕೆಳಗೆ ಗೂಡ್ಸ್ ರೈಲಿನ ಒಂದು ಹಳಿ ಮಾತ್ರ ಉಳಿದಿತ್ತು. ಆ ಹಳಿ ಜಾರ್ಜ್ ಬೆನ್ಸನ್ ಅವರ ಕಣ್ಣಿಗೆ ಬಿತ್ತು.

ಈ ಮನುಷ್ಯನ ಬಗ್ಗೆ ಸ್ವಲ್ಪ ಹೇಳಲೇಬೇಕು. ಬೆನ್ಸನ್ ಸಿಯಾಟಲ್‌ನಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿದ್ದವರು. 1974ರಲ್ಲಿ ನಗರಸಭೆಗೆ ಬಂದರು. ಬಂದ ವರ್ಷದಿಂದಲೇ ಅವರದು ಒಂದೇ ಪಟ್ಟು: ಕಡಲ ದಡದಲ್ಲಿ ಹಳೆಯ ಟ್ರಾಮ್ ಓಡಿಸಬೇಕು. ಸಿಯಾಟಲ್‌ಗೆ 1884ರಲ್ಲೇ ಕುದುರೆ ಎಳೆಯುವ ಟ್ರಾಮ್ ಬಂದಿತ್ತು, ಐದು ವರ್ಷದಲ್ಲಿ ಕರೆಂಟ್ ಟ್ರಾಮ್ ಬಂದಿತ್ತು. 1941ರಲ್ಲಿ ಅದನ್ನು ಪೂರ್ತಿ ನಿಲ್ಲಿಸಿ, ಗಾಡಿಗಳನ್ನು ಗುಜರಿಗೆ ಹಾಕಿಬಿಟ್ಟರು. ಹಾಗಾಗಿ ಬೆನ್ಸನ್ ಓಡಿಸಲು ಹೊರಟಾಗ ಊರಿನದೇ ಗಾಡಿ ಇರಲಿಲ್ಲ.

ಗಾಡಿ ಸಿಕ್ಕಿದ್ದು ಆಸ್ಟ್ರೇಲಿಯಾದಲ್ಲಿ. ಮೆಲ್ಬರ್ನ್ ಟ್ರಾಮ್ ಬಿಡದ ಊರು. ಅಲ್ಲಿ 1920ರ ದಶಕದಲ್ಲಿ ಕಟ್ಟಲು ಶುರು ಮಾಡಿದ ಡಬ್ಲ್ಯೂ2 ಎಂಬ ಮಾದರಿಯ ಗಾಡಿಗಳು ನಿವೃತ್ತಿಗೆ ಬಂದಿದ್ದವು. ಮೆಲ್ಬರ್ನ್ ಹಳಿಗಳ ಅಗಲವೂ ಅಮೆರಿಕದ ರೈಲು ಹಳಿಗಳ ಅಗಲವೂ ಒಂದೇ, 1435 ಮಿಲಿಮೀಟರ್. ಹಾಗಾಗಿ ಆ ಗಾಡಿಯ ಚಕ್ರ ಈ ಗೂಡ್ಸ್ ಹಳಿಗೆ ಸರಿಯಾಗಿ ಕೂರುತ್ತಿತ್ತು. ಮೇಲೆ ತಂತಿ ಎಳೆಯಬೇಕು, ಸ್ಟಾಪ್ ಕಟ್ಟಬೇಕು, ಶೆಡ್ ಕಟ್ಟಬೇಕು. ದಡದ ಆಸ್ತಿಯವರೂ ಖರ್ಚಿನಲ್ಲಿ ಒಂದು ಪಾಲು ಹಾಕಿದರು. ಎಂಟು ವರ್ಷದ ಓಡಾಟದ ನಂತರ, 1982ರ ಮೇ 29ರಂದು ಲೈನ್ ಶುರುವಾಯಿತು. 1990ರಲ್ಲಿ ಪಯೊನೀರ್ ಸ್ಕ್ವೇರ್ ದಾಟಿ ಇಂಟರ್‌ನ್ಯಾಷನಲ್ ಡಿಸ್ಟ್ರಿಕ್ಟ್‌ವರೆಗೆ, ಅಂದರೆ ಚೀನಾ, ಜಪಾನ್ ಮೂಲದವರ ಹಳೆಯ ಪೇಟೆವರೆಗೆ, ಅದನ್ನು ಬೆಳೆಸಿದರು. ಕೊನೆಗೆ ಒಟ್ಟು ಐದು ಗಾಡಿ. ಲೈನಿಗೆ ಬೆನ್ಸನ್ ಅವರ ಹೆಸರೇ ಬಂತು.

ಅದರಲ್ಲಿ ಕೂರುವುದು ಹೇಗಿರುತ್ತಿತ್ತು ಅಂದರೆ, ನಮ್ಮ ಹಳೇ ಮನೆಯ ಜಗಲಿ ಮೇಲೆ ಕೂತ ಹಾಗೆ. ಒಳಗೆಲ್ಲ ಮರ. ಟಾಸ್ಮೇನಿಯಾದ ಮಹಾಗನಿ, ಬಿಳಿ ಆಶ್. ದಶಕಗಳಿಂದ ಜನರ ಕೈ ತಾಗಿ ನುಣುಪಾದ ಮರ. ಗಾಡಿಯ ನಡುಭಾಗದಲ್ಲಿ ನೆಲ ಸ್ವಲ್ಪ ತಗ್ಗು, ಎರಡು ತುದಿಯಲ್ಲಿ ಎತ್ತರ. ಡ್ರೈವರ್ ಒಬ್ಬರು, ಕಂಡಕ್ಟರ್ ಒಬ್ಬರು. ಬಸ್ಸಿನ ಟಿಕೆಟ್ಟೇ ಇದಕ್ಕೂ ನಡೆಯುತ್ತಿತ್ತು. ಕೊನೆಯ ಸ್ಟಾಪಿನಲ್ಲಿ ಗಾಡಿ ತಿರುಗುವುದಿಲ್ಲ. ಎರಡೂ ಕಡೆ ಡ್ರೈವರ್ ಜಾಗ ಇದೆ. ಕೆಳಗೆ ನಿಂತು ಹಗ್ಗ ಜಗ್ಗಿ ಒಂದು ಕೋಲನ್ನು ತಂತಿಯಿಂದ ಇಳಿಸಿ, ಇನ್ನೊಂದು ಕಡೆಯ ಕೋಲನ್ನು ಮೇಲೇರಿಸಬೇಕು. ಅಪ್ಪ ಇಳಿದು ನಿಂತು ಇದನ್ನು ಮೂರು ಸಲ ನೋಡಿದರು. ಮೂರು ಗಾಡಿ ಬಂದು ಹೋಗುವವರೆಗೆ ನಾವು ಅಲ್ಲೇ ಇದ್ದೆವು. ಅಮ್ಮನಿಗೆ ಹಸಿವಾಗಿತ್ತು.

ಬರೀ ಪ್ರವಾಸಿಗರ ಆಟಿಕೆ ಎಂದು ಕೆಲವರು ಅದನ್ನು ಕರೆಯುತ್ತಿದ್ದರು. ನಾನು ಒಪ್ಪುವುದಿಲ್ಲ. ಪ್ರವಾಸಿಗರು ಜಾಸ್ತಿ ಇದ್ದರು, ನಿಜ. ಆದರೆ ಅದು ಹೋಗುತ್ತಿದ್ದ ದಾರಿ ನೋಡಿ. ಒಂದು ತುದಿಯಲ್ಲಿ 70ನೇ ನಂಬರಿನ ಹಡಗುಕಟ್ಟೆ, ನಡುವೆ ಅಕ್ವೇರಿಯಂ, ಪೈಕ್ ಪ್ಲೇಸ್ ಮಾರ್ಕೆಟ್‌ಗೆ ಹತ್ತುವ ಮೆಟ್ಟಿಲು, ದ್ವೀಪಗಳಿಗೆ ಹೋಗುವ ಫೆರಿ, ಪಯೊನೀರ್ ಸ್ಕ್ವೇರ್, ಕೊನೆಗೆ ಬಸ್ ಸುರಂಗದ ನಿಲ್ದಾಣ. ಫೆರಿ ಇಳಿದ ವಯಸ್ಸಾದವರು ಆ ಗುಡ್ಡ ಹತ್ತದೆ ಪೇಟೆಗೆ ಹೋಗಬಹುದಿತ್ತು. ಮಂಡಿನೋವು ಇರುವವರಿಗೆ ಗೊತ್ತು ಅದರ ಬೆಲೆ.

ಈಗ ಶೆಡ್ಡಿನ ಕಥೆ. ಉತ್ತರದ ತುದಿಯಲ್ಲಿ, ಶೆಡ್ಡಿನ ಪಕ್ಕ, ಒಂದು ದೊಡ್ಡ ಖಾಲಿ ಜಾಗ ಇತ್ತು. ಒಂದು ಕಾಲದಲ್ಲಿ ಪೆಟ್ರೋಲ್ ಕಂಪನಿಯ ಟ್ಯಾಂಕ್‌ಗಳಿದ್ದ ನೆಲ. ಎಣ್ಣೆ ಇಳಿದು ಕೆಟ್ಟುಹೋದ ಮಣ್ಣು. ಸಿಯಾಟಲ್ ಆರ್ಟ್ ಮ್ಯೂಸಿಯಂ ಅದನ್ನು ಕೊಂಡು, ಶುದ್ಧ ಮಾಡಿಸಿ, ಶಿಲ್ಪಗಳ ಉದ್ಯಾನ ಮಾಡಲು ಹೊರಟಿತು. ಒಂಬತ್ತು ಎಕರೆ. ಹೆಸರು ಒಲಿಂಪಿಕ್ ಸ್ಕಲ್ಪ್ಚರ್ ಪಾರ್ಕ್. ಟ್ರಾಲಿ ಶೆಡ್ ಆ ನಕ್ಷೆಯೊಳಗೆ ಬಿತ್ತು.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಆ ಉದ್ಯಾನ ಚೆನ್ನಾಗಿದೆ. 2007ರ ಜನವರಿಯಲ್ಲಿ ತೆರೆಯಿತು. ಒಳಗೆ ಹೋಗಲು ದುಡ್ಡಿಲ್ಲ. ರೈಲು ಹಳಿ, ರಸ್ತೆ ಎರಡನ್ನೂ ದಾಟಿಕೊಂಡು ಹುಲ್ಲಿನ ದಾರಿ ನೀರಿನವರೆಗೆ ಇಳಿಯುತ್ತದೆ. ಸಂಜೆ ಹೊತ್ತು ಅಲ್ಲಿ ಕೂತರೆ ಎದುರಿಗೆ ಹಿಮದ ಬೆಟ್ಟಗಳ ಹಿಂದೆ ಸೂರ್ಯ ಮುಳುಗುವುದು ಕಾಣುತ್ತದೆ. ನಾನೇ ಎಷ್ಟೋ ಸಂಜೆ ಕೂತಿದ್ದೇನೆ. ಈ ಕಥೆಯಲ್ಲಿ ಖಳನಾಯಕ ಯಾರೂ ಇಲ್ಲ. ನನಗೆ ಕಷ್ಟವಾಗುವುದು ಅದೇ. ಕೆಟ್ಟ ಕಟ್ಟಡ ಬರುತ್ತಿದ್ದರೆ ಜನ ಬೀದಿಗೆ ಬರುತ್ತಿದ್ದರು. ಬಂದದ್ದು ಒಳ್ಳೆಯ ಪಾರ್ಕ್. ಎದುರಿಗಿದ್ದದ್ದು ತಗಡಿನ, ಗ್ರೀಸಿನ ವಾಸನೆಯ ಒಂದು ಶೆಡ್. ಶೆಡ್ಡಿನ ಪರ ಯಾರು ನಿಲ್ಲುತ್ತಾರೆ?

ಡಿಪೋ ಅಂದರೇನು ಎಂದು ನಿಮ್ಮಲ್ಲಿ ಎಷ್ಟು ಜನ ಯೋಚಿಸಿದ್ದೀರಿ? ನಾನು ಡಿಪೋ ಕ್ವಾರ್ಟರ್ಸ್‌ನಲ್ಲಿ ಬೆಳೆದವನು. ನಮಗೆಲ್ಲ ಬಸ್ಸು ಅಂದರೆ ಸ್ಟ್ಯಾಂಡಿನಲ್ಲಿ ನಿಂತಿರುವುದು, ರಸ್ತೆಯಲ್ಲಿ ಬರುವುದು. ಅಪ್ಪನಿಗೆ ಬಸ್ಸು ಅಂದರೆ ರಾತ್ರಿ ಪಿಟ್ ಮೇಲೆ, ಅಂದರೆ ಮೆಕ್ಯಾನಿಕ್ ಇಳಿದು ನಿಂತು ರಿಪೇರಿ ಮಾಡುವ ಗುಂಡಿಯ ಮೇಲೆ, ಬಂದು ನಿಲ್ಲುವುದು. ಅವರು ಗಾಡಿಯನ್ನು ನೋಡುತ್ತಿದ್ದದ್ದೇ ಕೆಳಗಿನಿಂದ. ಬ್ರೇಕ್ ಲೈನರ್ ಎಷ್ಟು ಸವೆದಿದೆ, ಎಲ್ಲಿ ಎಣ್ಣೆ ಸೋರುತ್ತಿದೆ, ಯಾವ ಬೋಲ್ಟ್ ಸಡಿಲ. ಬೆಳಿಗ್ಗೆ ಐದಕ್ಕೆ ಗಾಡಿ ಹೊರಡಬೇಕು ಅಂದರೆ ರಾತ್ರಿ ಎರಡಕ್ಕೆ ಒಬ್ಬರು ಅದರ ಕೆಳಗೆ ಟಾರ್ಚ್ ಹಿಡಿದಿರಬೇಕು. ಹಳ್ಳಿಗಳ ನೈಟ್ ಹಾಲ್ಟ್ ಬಸ್ ನಿಮಗೆ ಗೊತ್ತಲ್ಲ, ರಾತ್ರಿ ಊರಿನ ಆಲದ ಮರದ ಕೆಳಗೇ ನಿಂತು ಬೆಳಿಗ್ಗೆ ಹೊರಡುವ ಬಸ್ಸು. ಅದು ಕೂಡ ಮಾರನೇ ದಿನ ಡಿಪೋ ಸೇರಲೇಬೇಕು.

ಬಸ್ಸಿಗಾದರೂ ಒಂದು ಅನುಕೂಲ ಇದೆ. ಈ ಡಿಪೋ ಇಲ್ಲದಿದ್ದರೆ ಆ ಡಿಪೋಗೆ ಓಡಿಸಿಕೊಂಡು ಹೋಗಬಹುದು. ಟ್ರಾಮಿಗೆ ಹಳಿ ಬಿಟ್ಟು ಬೇರೆ ದಾರಿ ಇಲ್ಲ. ಶೆಡ್ ಹಳಿಯ ಮೇಲೇ ಇರಬೇಕು, ಆ ಲೈನಿಗೇ ಅಂಟಿಕೊಂಡಿರಬೇಕು. ಎರಡು ಮೈಲಿಗೂ ಕಡಿಮೆ ಇರುವ ಇಂಥ ಪುಟ್ಟ ಲೈನಿಗೆ ಇದ್ದದ್ದು ಒಂದೇ ಶೆಡ್. ಎಂಭತ್ತು ವರ್ಷದ ಗಾಡಿಗೆ ಬಿಡಿಭಾಗ ಅಂಗಡಿಯಲ್ಲಿ ಸಿಗುವುದಿಲ್ಲ. ಸವೆದದ್ದನ್ನು ಅಲ್ಲೇ ತಿದ್ದಬೇಕು, ಇಲ್ಲವೇ ಹೊಸದಾಗಿ ಮಾಡಿಸಬೇಕು. ಯಾವ ಗಾಡಿ ಮಳೆಗಾಲದಲ್ಲಿ ಹೇಗೆ ಬ್ರೇಕ್ ಹಿಡಿಯುತ್ತದೆ ಎಂದು ಗೊತ್ತಿರುವ ಕೈಗಳು ಬೇಕು. ಆ ಕೈಗಳ ಜಾಗವೇ ಶೆಡ್. ಅದನ್ನು ಕೆಡವಿದಾಗ ಕಟ್ಟಡದ ಜೊತೆಗೆ ಆ ಕೆಲಸವೂ ಹೋಗುತ್ತದೆ. ಮೆಕ್ಯಾನಿಕ್‌ಗಳನ್ನು ಬೇರೆ ಕಡೆ ಹಾಕುತ್ತಾರೆ. ಕೆಲವು ವರ್ಷದಲ್ಲಿ ಅವರು ರಿಟೈರ್ ಆಗುತ್ತಾರೆ.

ಆಗ ಹೇಳಿದ್ದು ತಾತ್ಕಾಲಿಕ ಎಂದು. ಈ ಪದದ ಮೇಲೆ ಸ್ವಲ್ಪ ನಿಲ್ಲುತ್ತೇನೆ. ಪಯೊನೀರ್ ಸ್ಕ್ವೇರ್ ಹತ್ತಿರ ಹೊಸ ಕಟ್ಟಡ ಬರುತ್ತದೆ, ಅದರ ನೆಲಮಹಡಿಯಲ್ಲಿ ಹೊಸ ಶೆಡ್ ಮಾಡೋಣ ಎಂಬ ಮಾತಿತ್ತು. ಅಲ್ಲಿಯವರೆಗೆ ಟ್ರಾಲಿ ಬದಲಿಗೆ ಬಸ್. ನಂಬರ್ 99. ಟಿಕೆಟ್ ಇಲ್ಲ, ಫ್ರೀ. ಆ ಬಸ್ಸಿಗೆ ಟ್ರಾಲಿಯ ಹಾಗೆಯೇ ಬಣ್ಣ ಬಳಿದಿದ್ದರು. ಮೊದಲ ಸಲ ಅದನ್ನು ನೋಡಿದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಸತ್ತವರ ಅಂಗಿ ಹಾಕಿಕೊಂಡು ಬೇರೆಯವರು ಎದುರಿಗೆ ಬಂದ ಹಾಗೆ. ಡ್ರೈವರ್ ಪಾಪ, ತನ್ನ ಕೆಲಸ ಮಾಡುತ್ತಿದ್ದರು.

ಹೊಸ ಶೆಡ್ ಬರಲಿಲ್ಲ. ಆ ಕಟ್ಟಡದ ಯೋಜನೆ ಮುರಿದುಬಿತ್ತು. ಅಷ್ಟರಲ್ಲಿ ಇನ್ನೂ ದೊಡ್ಡ ವಿಷಯ ಎದುರಿಗಿತ್ತು. 2001ರ ಫೆಬ್ರವರಿ 28ರ ಭೂಕಂಪದಲ್ಲಿ ಆ ಎರಡು ಅಂತಸ್ತಿನ ಮೇಲುರಸ್ತೆ ಬಿರುಕು ಬಿಟ್ಟಿತ್ತು. ಅದನ್ನು ತೆಗೆಯಲೇಬೇಕಿತ್ತು. ವರ್ಷಗಟ್ಟಲೆ ಚರ್ಚೆ ಆಗಿ, ಕೊನೆಗೆ ಊರ ಕೆಳಗೆ ಸುರಂಗ ಕೊರೆಯಲು ಹೊರಟರು. ಬರ್ತಾ ಎಂಬ ದೈತ್ಯ ಯಂತ್ರ ತಂದರು. 2013ರ ಡಿಸೆಂಬರ್‌ನಲ್ಲಿ ಅದು ನೆಲದಡಿಯಲ್ಲೇ ಕೆಟ್ಟು ನಿಂತು, ಎರಡು ವರ್ಷ ಕದಲಲಿಲ್ಲ. ನಮ್ಮ ಮೆಟ್ರೋ ಸುರಂಗದ ಯಂತ್ರಗಳು ಕಲ್ಲಿಗೆ ಸಿಕ್ಕಿ ನಿಂತಾಗ ನನಗೆ ಬರ್ತಾ ನೆನಪಾಗುತ್ತಿತ್ತು. ಸುರಂಗ ತೆರೆದದ್ದು 2019ರ ಫೆಬ್ರವರಿಯಲ್ಲಿ. ಮೇಲುರಸ್ತೆ ನೆಲಸಮವಾಯಿತು. ಕಡಲ ಗೋಡೆಯನ್ನೂ ಹೊಸದಾಗಿ ಕಟ್ಟಿದರು. ಈ ಎಲ್ಲ ಅಗೆತದ ನಡುವೆ ಟ್ರಾಲಿಯ ಹಳಿ, ಸ್ಟಾಪುಗಳು ಒಂದೊಂದಾಗಿ ಕಾಣೆಯಾದವು. 99ನೇ ನಂಬರಿನ ಬಸ್ ಕೂಡ ಮೇಲಿನ ಬೀದಿಗೆ ಸರಿದು, ಕೆಲವು ವರ್ಷ ಓಡಿ ನಿಂತಿತು.

ಇಲ್ಲಿ ಕ್ರಮ ಗಮನಿಸಿ. ಈ ಅಗೆತ ಶುರುವಾದಾಗ ಟ್ರಾಲಿ ಓಡುತ್ತಿದ್ದರೆ ಏನಾಗುತ್ತಿತ್ತು? ಓಡುತ್ತಿರುವುದನ್ನು ನಿಲ್ಲಿಸಲು ಯಾರಾದರೂ ಒಬ್ಬರು ಸಭೆಯಲ್ಲಿ ಎದ್ದು ಹೇಳಬೇಕಿತ್ತು. ದಿನಾ ಹತ್ತುವ ಜನ ಕೇಳುತ್ತಿದ್ದರು. ಹೊಸ ದಡದ ನಕ್ಷೆ ಬರೆಯುವವರು ಅದಕ್ಕೆ ಒಂದು ಗೆರೆ ಬಿಡಬೇಕಿತ್ತು. ಆದರೆ ಆ ಹೊತ್ತಿಗೆ ಅದು ಆಗಲೇ ನಿಂತಿತ್ತು. ನಿಂತದ್ದಕ್ಕೆ ಜಾಗ ಬಿಡಿ ಎಂದು ಕೇಳುವುದು ಬಹಳ ಕಷ್ಟ.

ಇದೇ ಸಿಯಾಟಲ್‌ನ ಇನ್ನೊಂದು ಉದಾಹರಣೆ ಕೊಡುತ್ತೇನೆ. ಪೈಕ್ ಪ್ಲೇಸ್ ಮಾರ್ಕೆಟ್ ಅಂದೆನಲ್ಲ, ಅದು 1907ರ ಸಂತೆ. ರೈತರು ನೇರವಾಗಿ ತಂದು ಮಾರುವ ಜಾಗ. 1960ರ ದಶಕದಲ್ಲಿ ಅದನ್ನು ಕೆಡವಿ ದೊಡ್ಡ ಕಟ್ಟಡಗಳನ್ನು ಎಬ್ಬಿಸುವ ಯೋಜನೆ ಇತ್ತು. ವಿಕ್ಟರ್ ಸ್ಟೈನ್‌ಬ್ರೂಕ್ ಎಂಬ ವಾಸ್ತುಶಿಲ್ಪಿ ಜನರನ್ನು ಕಟ್ಟಿಕೊಂಡು ಎದುರು ನಿಂತರು. 1971ರ ನವೆಂಬರ್‌ನಲ್ಲಿ ಅದು ಊರಿನ ಮತಕ್ಕೆ ಹೋಯಿತು. ಜನ ಮಾರ್ಕೆಟ್ ಉಳಿಸಿ ಎಂದರು, ಉಳಿಯಿತು. ಅದೇ ಊರು, ಅದೇ ಗುಡ್ಡ, ಅದೇ ಮೆಟ್ಟಿಲಿನ ಮೇಲೆ ಮತ್ತು ಕೆಳಗೆ. ಮೇಲಿನದಕ್ಕೆ ಮತ ಹಾಕುವ ಅವಕಾಶ ಬಂತು, ಏಕೆಂದರೆ ಕೆಡವುತ್ತೇವೆ ಎಂದು ಬಾಯಿಬಿಟ್ಟು ಹೇಳಿದ್ದರು. ಕೆಳಗಿನದಕ್ಕೆ ಆ ಪ್ರಶ್ನೆಯನ್ನೇ ಯಾರೂ ಕೇಳಲಿಲ್ಲ.

ಹಾಗಂತ ಸಿಯಾಟಲ್ ಟ್ರಾಮನ್ನು ಬೇಡ ಅಂದಿತು ಎಂದುಕೊಳ್ಳಬೇಡಿ. 2007ರ ಡಿಸೆಂಬರ್‌ನಲ್ಲಿ, ಟ್ರಾಲಿ ನಿಂತು ಎರಡೇ ವರ್ಷಕ್ಕೆ, ಸೌತ್ ಲೇಕ್ ಯೂನಿಯನ್‌ಗೆ ಹೊಸ ಟ್ರಾಮ್ ಲೈನ್ ಬಂತು. ಈಗ ಅಮೆಜಾನ್ ಕಚೇರಿಗಳು ಇರುವ ಕಡೆ. ನಿಮ್ಮ ಮಕ್ಕಳೋ, ಪಕ್ಕದ ಮನೆಯ ಹುಡುಗಿಯೋ ಅದರಲ್ಲಿ ಆಫೀಸಿಗೆ ಹೋಗಿರಬಹುದು. 2016ರಲ್ಲಿ ಇನ್ನೊಂದು ಲೈನ್ ಬಂತು. ದುಡ್ಡಿತ್ತು, ಮನಸ್ಸೂ ಇತ್ತು. ಆ ಹೊಸ ಲೈನುಗಳಿಗೆ ಹೊಸ ಶೆಡ್ಡುಗಳನ್ನೂ ಕಟ್ಟಿದರು. ಹಳೆಯ ಐದು ಗಾಡಿ ಮಾತ್ರ ಗೋದಾಮಿನಲ್ಲೇ ನಿಂತಿದ್ದವು.

ಖರ್ಚಿನ ಮಾತು ಬಂದೇ ಬರುತ್ತದೆ. ಒಂದು ಗಾಡಿಗೆ ಇಬ್ಬರು ಸಿಬ್ಬಂದಿ. ಹಳೇ ಗಾಡಿ, ರಿಪೇರಿ ಜಾಸ್ತಿ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನ್ಯೂ ಆರ್ಲಿಯನ್ಸ್ 1988ರಲ್ಲಿ ನದಿಯ ದಡದಲ್ಲಿ ಇಂಥದ್ದೇ ಲೈನ್ ಶುರು ಮಾಡಿತು, ಶುರುವಿನಲ್ಲಿ ಅಲ್ಲೂ ಮೆಲ್ಬರ್ನ್ ಗಾಡಿಗಳು ಓಡಿದವು. ಆ ಲೈನ್ ಉಳಿಯಿತು. ಆ ಊರಿಗೆ ಟ್ರಾಮ್ ಎಂದೂ ಪೂರ್ತಿ ನಿಂತೇ ಇರಲಿಲ್ಲ. ಶೆಡ್ ಇತ್ತು, ಕೆಲಸ ಬಲ್ಲವರು ಇದ್ದರು.

ನಮ್ಮ ದೇಶಕ್ಕೆ ಬನ್ನಿ. ಕೋಲ್ಕತ್ತದ ಟ್ರಾಮ್. 1873ರಲ್ಲಿ ಮೊದಲು ಓಡಿದ್ದು, 1902ರಿಂದ ಕರೆಂಟಿನಲ್ಲಿ. 2024ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸರ್ಕಾರ, ಮೈದಾನ್‌ನಿಂದ ಎಸ್‌ಪ್ಲನೇಡ್‌ವರೆಗಿನ ತುಂಡೊಂದನ್ನು ಪಾರಂಪರಿಕ ಲೈನ್ ಆಗಿ ಉಳಿಸಿಕೊಂಡು ಮಿಕ್ಕದ್ದನ್ನು ನಿಲ್ಲಿಸುತ್ತೇವೆ ಎಂದಿತು. ಆಗ ದೇಶವೆಲ್ಲ ಫೋಟೋ ಹಂಚಿಕೊಂಡಿತು. ಆದರೆ ಅದಕ್ಕೂ ಹತ್ತು ವರ್ಷ ಮೊದಲೇ ಅಲ್ಲಿನ ಟ್ರಾಮ್ ಡಿಪೋಗಳ ಜಾಗ ಬೇರೆಯವರ ಪಾಲಾಗಲು ಶುರುವಾಗಿತ್ತು. ಊರ ನಡುವಿನ ಎಕರೆಗಟ್ಟಲೆ ನೆಲ ಅಲ್ವಾ, ಬೆಲೆ ಕಟ್ಟುವವರಿಗೆ ಕಡಿಮೆಯೇ? ಆಗ ಫೋಟೋ ಹಂಚಿಕೊಂಡವರು ಕಡಿಮೆ. ಡಿಪೋದ ಫೋಟೋ ಯಾರು ತೆಗೆಯುತ್ತಾರೆ?

ಹಾಗಾಗಿ ಹಳೆಯ ವಾಹನ, ಹಳೆಯ ಲೈನ್ ಉಳಿಸಬೇಕು ಎನ್ನುವ ಗೆಳೆಯರು ಸಿಕ್ಕಿದಾಗ ನಾನು ಅಪ್ಪನ ಪ್ರಶ್ನೆಯನ್ನೇ ಕೇಳುತ್ತೇನೆ. ರಾತ್ರಿ ಅದು ಎಲ್ಲಿ ನಿಲ್ಲುತ್ತದೆ? ಆ ಜಾಗದ ಪಹಣಿ ಯಾರ ಹೆಸರಿನಲ್ಲಿದೆ? ಅದರ ಕೆಳಗೆ ಟಾರ್ಚ್ ಹಿಡಿಯುವವರು ಯಾರು, ಅವರ ವಯಸ್ಸೆಷ್ಟು, ಅವರ ಹತ್ತಿರ ಕಲಿಯುತ್ತಿರುವ ಹುಡುಗರು ಇದ್ದಾರಾ?

ಬೆನ್ಸನ್ ತಮ್ಮ ಲೈನ್ ನಿಂತದ್ದನ್ನು ನೋಡಲಿಲ್ಲ. ಅದಕ್ಕೆ ಒಂದು ವರ್ಷ ಮೊದಲು, 2004ರಲ್ಲಿ, ತೀರಿಕೊಂಡಿದ್ದರು.

2016ರಲ್ಲಿ ಐದು ಗಾಡಿಗಳಲ್ಲಿ ಮೂರನ್ನು ಸೇಂಟ್ ಲೂಯಿಸ್ ಊರಿನ ಲೂಪ್ ಟ್ರಾಲಿಯವರಿಗೆ ಮಾರಿದರು. ಎರಡು ಲಕ್ಷ ಡಾಲರ್. ಆ ಸುದ್ದಿ ಓದಿದ ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಅವರಿಗೆ ಆಗ ಕಿವಿ ಮಂದವಾಗಿತ್ತು, ಎರಡು ಸಲ ಹೇಳಬೇಕಾಯಿತು. ಗಾಡಿಗಳನ್ನು ಬೇರೆ ಊರಿಗೆ ಮಾರಿದರು ಅಪ್ಪ, ಅಲ್ಲಿ ಹೊಸ ಲೈನ್ ಹಾಕುತ್ತಿದ್ದಾರಂತೆ ಎಂದೆ. ಬೇಜಾರು ಮಾಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ.

"ಅಲ್ಲಿ ಶೆಡ್ ಇದೆಯಾ?" ಎಂದರು.

ಇದೆ, ಡೆಲ್ಮಾರ್ ಎಂಬ ರಸ್ತೆಯಲ್ಲಿ ಎಂದೆ.

"ಒಳಗೆ ಪಿಟ್ ತೆಗೆದಿದ್ದಾರಾ?"

ವಿಚಾರಿಸಿ ಹೇಳುತ್ತೇನೆ ಎಂದೆ. "ವಿಚಾರಿಸು" ಎಂದು ಹೇಳಿ, ಅಮ್ಮನ ಕೈಗೆ ಫೋನ್ ಕೊಟ್ಟರು.